ಕರಡಿ ಹುಲಿಯ ಬಳಗ, ಮತ್ತೆ ಕಲ್ಲಂಗಡಿ ಯಾಕೆ?

ಪ್ರಶ್ನೆ (ಕೋಥ್ರೂಡ್‌ನಿಂದ ಒಬ್ಬ ತಾಯಿ):
ನಮಸ್ಕಾರ ಡಾಕ್ಟ್ರೇ. ಭಾನುವಾರ ಮಗನನ್ನು ಕಾತ್ರಜ್ ಝೂಗೆ ಕರೆದುಕೊಂಡು ಹೋಗಿದ್ದೆ. ಕರಡಿ ಕಲ್ಲಂಗಡಿ ಹೋಳು ಚಪ್ಪರಿಸುತ್ತಿತ್ತು. "ಅಮ್ಮಾ, ಕರಡಿ ಹುಲಿ, ನಾಯಿ ಜೊತೆ ಮಾಂಸಾಹಾರಿ ಗುಂಪಿಗೆ ಸೇರಿದ್ದು ಅಂತಾರೆ, ಇದು ನೋಡಿದ್ರೆ ಹಣ್ಣು ತಿಂತಿದೆಯಲ್ಲ" ಅಂದ. ಐಸ್‌ಕ್ರೀಮ್ ಕೊಡಿಸಿ ಬಾಯಿ ಮುಚ್ಚಿಸಿದೆ. ಮನೆಗೆ ಬಂದರೂ ಬಿಡ್ತಿಲ್ಲ.

ಉತ್ತರ (ವನ್ಯಜೀವಿ ವೈದ್ಯ, ಪುಣೆ):
ಅಕ್ಕಾ, ಅದು ವಂಶದ ಹೆಸರು, ಊಟದ ಹೆಸರಲ್ಲ. ಬಡಿಗೇರ ಅಂತ ಅಡ್ಡಹೆಸರು ಇದ್ದವರೆಲ್ಲ ಈಗ ಮರಗೆಲಸ ಮಾಡ್ತಾರಾ?

ಕಥೆ ಇರೋದು ಹಲ್ಲಲ್ಲಿ. ಹುಲಿ, ನಾಯಿಗಳ ಬಾಯಲ್ಲಿ ಎರಡೂ ಕಡೆ ಮೇಲೊಂದು ಕೆಳಗೊಂದು ಹಲ್ಲು ಅಡಕತ್ತರಿಯ ಹಾಗೆ ಸೇರಿ ಮಾಂಸ ಕತ್ತರಿಸುತ್ತವೆ. ಸುಮಾರು 2 ಕೋಟಿ ವರ್ಷ ಹಿಂದೆ ಇದ್ದ ಉರ್ಸಾವಸ್ ಅನ್ನೋ ಸಣ್ಣ ಕರಡಿಯ ಕಾಲಕ್ಕೇ ಈ ಕತ್ತರಿ ಮೊಂಡಾಗತೊಡಗಿತ್ತು. ಹಿಂದಿನ ದವಡೆ ಹಲ್ಲುಗಳು ಅಗಲವಾಗಿ ಒರಳಿನ ಕೆಲಸಕ್ಕೆ ಇಳಿದವು. ಬೇಟೆ ಸಿಗದ ದಿನವೂ ಗೆಡ್ಡೆ, ಹಣ್ಣು, ಹುಳ, ಜೇನು ಏನಾದರೂ ಹೊಟ್ಟೆಗೆ ಬೀಳುತ್ತಲ್ಲ!

ಚಳಿ ದೇಶದಲ್ಲಿ ಇದು ಇನ್ನೂ ಮುಖ್ಯ. ಚಳಿಗಾಲಕ್ಕೆ ಮುಂಚೆ ಮೈಗೆ ಕೊಬ್ಬು ಹತ್ತಬೇಕು. ಕೆನಡಾದ ಉತ್ತರ ತುದಿಯ ಎಲ್ಸ್‌ಮಿಯರ್ ದ್ವೀಪದಲ್ಲಿ ಸುಮಾರು 35 ಲಕ್ಷ ವರ್ಷ ಹಳೆಯ ಕರಡಿ ಪಳೆಯುಳಿಕೆ ಸಿಕ್ಕಿದೆ. ಅದರ ಹಲ್ಲು ಹುಳುಕು! ಸಿಹಿ ಹಣ್ಣು ಜಾಸ್ತಿ ತಿಂದದ್ದರ ಗುರುತು ಅಂತ ತಜ್ಞರು ಹೇಳುತ್ತಾರೆ. ಐಸ್‌ಕ್ರೀಮ್ ಕೊಡಿಸುವಾಗ ಇದನ್ನೂ ಮಗನಿಗೆ ಹೇಳಿ.

ಆದರೆ ಹಲ್ಲು ಬದಲಾದಷ್ಟು ಕರುಳು ಬದಲಾಗಲಿಲ್ಲ. ಇವತ್ತಿಗೂ ಅದು ಮಾಂಸ ತಿನ್ನುವ ಪ್ರಾಣಿಯ ಗಿಡ್ಡ ಕರುಳೇ. ಹಸುವಿನ ಹಾಗೆ ಮೆಲುಕು ಹಾಕೋಕೆ ಬರಲ್ಲ. ಅದಕ್ಕೇ ಒಣ ಹುಲ್ಲು ಬಿಟ್ಟು ಹಣ್ಣು, ಎಳೆ ಚಿಗುರು ಹುಡುಕುತ್ತೆ. ಕಾಡಲ್ಲಿ ಕರಡಿಯ ಹಿಕ್ಕೆ ಕೆದಕಿದರೆ ಬೋರೆ ಬೀಜ, ಕಕ್ಕೆ ಬೀಜ ಇಡಿಯಾಗಿ ಸಿಗುತ್ತವೆ. ತೊಳೆದು ಬಿತ್ತಬಹುದು.

ಚಿಂಚವಡದಿಂದ ಒಬ್ಬರು:
ಹಾಗಾದ್ರೆ ಪಾಂಡಾ ಕರಡಿ ಬರೀ ಬಿದಿರು ತಿಂದು ಹೇಗೆ ಬದುಕುತ್ತೆ ಸರ್?

ಉತ್ತರ:
ಕಷ್ಟಪಟ್ಟು! ತಿಂದದ್ದರಲ್ಲಿ ಐದನೇ ಒಂದು ಪಾಲೂ ಅರಗೋದಿಲ್ಲ. ಅದಕ್ಕೇ ದಿನದ ಅರ್ಧ ಹೊತ್ತು ಮೇಯುತ್ತಲೇ ಇರುತ್ತೆ. ಮಾಂಸದ ರುಚಿ ಹಿಡಿಯುವ ಒಂದು ಜೀನ್ ಕೂಡ ಅದರಲ್ಲಿ ಕೆಟ್ಟು ಕೂತಿದೆ. ಹಿಮಕರಡಿ ಇದರ ಉಲ್ಟಾ. ಸೀಲ್ ಬೇಟೆ ಹಿಡಿದು ವಾಪಸ್ ಮಾಂಸಕ್ಕೇ ಹೋಯಿತು.

ಮತ್ತೆ ಆ ತಾಯಿ:
ಊರಿಗೆ ಹೋದಾಗ ದರೋಜಿ ಕರಡಿಧಾಮದಲ್ಲಿ ನೋಡಿದ್ದೂ ಝೂನಲ್ಲಿದ್ದ ಇದೇ ಕರಡಿನಾ? ಗೆದ್ದಲು ತಿನ್ನುತ್ತೆ ಅಂದ್ರು.

ಉತ್ತರ:
ಅದೇ. ನಮ್ಮ ಕರಡಿಗೆ ಮೇಲ್ದವಡೆಯ ಮುಂದಿನ, ನಡುವಿನ ಎರಡು ಹಲ್ಲು ಇಲ್ಲವೇ ಇಲ್ಲ. ಅರಿವಳಿಕೆ ಕೊಟ್ಟು ಮಲಗಿಸಿದ ಕರಡಿಯ ಆ ಸಂದಿಯಲ್ಲಿ ಬೆರಳಿಟ್ಟು ನೋಡಿದ್ದೇನೆ, ಸಲೀಸಾಗಿ ಕೂರುತ್ತೆ. ಹುತ್ತ ಬಗೆದು, ಮಣ್ಣು ಊದಿ, ತುಟಿಯನ್ನು ಕೊಳವೆ ಮಾಡಿಕೊಂಡು ಆ ಸಂದಿಯಿಂದಲೇ ಗೆದ್ದಲು ಸೊರಸೊರ ಹೀರುತ್ತೆ. ಧೂಳು ಹೋಗದ ಹಾಗೆ ಮೂಗಿನ ಹೊಳ್ಳೆ ಮುಚ್ಚಿಕೊಳ್ಳೋದೂ ಗೊತ್ತು ಅದಕ್ಕೆ. ಮುಂದಿನ ಸಲ ಕರಡಿ ಆಕಳಿಸೋತನಕ ಕಾದು ಮಗನಿಗೆ ತೋರಿಸಿ.

ಆ ತಾಯಿ:
ತೋರಿಸ್ತೀನಿ ಡಾಕ್ಟ್ರೇ. ಸದ್ಯ ಕನ್ನಡಿ ಮುಂದೆ ನಿಂತು ತನ್ನ ಹಲ್ಲಲ್ಲಿ ಹುಳುಕು ಹುಡುಕ್ತಿದ್ದಾನೆ.