ಸಹಾಯ ಬೇಕು: ಪುಟ್ಟ ವಿಮಾನಕ್ಕೆ ಪೆಟ್ರೋಲ್ ಟ್ಯಾಂಕ್ ಎಲ್ಲಿಡೋದು?

ನಮಸ್ಕಾರ. ಗೋಣಿಕೊಪ್ಪದ ನಮ್ಮ ಕಾಫಿ ಗೋದಾಮಿನಲ್ಲಿ ನಾನು, ತಮ್ಮ ಸೇರಿ ಎರಡು ಸೀಟಿನ ವಿಮಾನ ಕಟ್ಟುತ್ತಿದ್ದೇವೆ. ರೆಕ್ಕೆ ತಲೆ ಮೇಲೆ ಬರುವ ಮಾದರಿ. ಟ್ಯಾಂಕಿನ ಜಾಗ ಮಾತ್ರ ತೀರ್ಮಾನವಾಗಿಲ್ಲ.

50 ಲೀಟರ್ ಪೆಟ್ರೋಲ್ ಅಂದರೆ ಸುಮಾರು 36 ಕೆಜಿ. ಎಂಜಿನ್ ಹಿಂದೆಯೇ, ನಮ್ಮ ಕಾಲಿನ ಮೇಲೆ ಇಟ್ಟರೆ, ಪೆಟ್ರೋಲ್ ಉರಿದಂತೆ ತೂಕದ ಕೇಂದ್ರ ಹಿಂದಕ್ಕೆ ಸರಿಯುತ್ತದೆ. ಹೊರಡುವಾಗ ಸರಿಯಿದ್ದದ್ದು ಇಳಿಯುವಾಗ ಬಾಲಭಾರವಾಗಬಹುದು. ಆಗ ಸ್ಟಾಲ್ ಆದರೆ, ಅಂದರೆ ಮೂಗು ಅತಿಯಾಗಿ ಮೇಲೆದ್ದು ರೆಕ್ಕೆಯ ಎತ್ತುವ ಬಲ ಕುಸಿದರೆ, ಮೂಗು ತಗ್ಗಿಸೋದು ಕಷ್ಟ. ನನಗೆ ಅದೇ ಭಯ. ಸೀಟಿನ ಹಿಂದಿಟ್ಟರೆ ಉಲ್ಟಾ: ಟ್ಯಾಂಕ್ ತುಂಬಿದಾಗಲೇ ಬಾಲಭಾರ, ಲಗೇಜ್ ಇದ್ದರೆ ಇನ್ನೂ ಜಾಸ್ತಿ.

ರೆಕ್ಕೆಯೊಳಗಿಟ್ಟರೆ ಕೇಂದ್ರ ಅಷ್ಟಾಗಿ ಸರಿಯುವುದಿಲ್ಲ, ಹಾರುವಾಗ ರೆಕ್ಕೆಯ ಬುಡಕ್ಕೂ ಹೊರೆ ಕಡಿಮೆ. ನನ್ನ ಮನಸ್ಸು ಅಲ್ಲೇ ಇದೆ. ಆದರೆ ಒಂದು ಕಡೆಯದು ಬೇಗ ಖಾಲಿಯಾದರೆ ವಿಮಾನ ವಾಲುತ್ತದೆ ಅಲ್ವಾ? ಎರಡೂ ಟ್ಯಾಂಕ್ ಸಮನಾಗಿ ಖಾಲಿಯಾಗಲು, ಅವುಗಳೊಳಗೆ ಗಾಳಿ ಬಿಡುವ ಕೊಳವೆ ಹೇಗೆ ಜೋಡಿಸಿದಿರಿ? ಟ್ಯಾಂಕ್ ತುಂಬಿದಾಗ, ಖಾಲಿಯಾದಾಗ ತೂಕದ ಲೆಕ್ಕ ಬರೆದ ಹಾಳೆ ಯಾರ ಬಳಿಯಾದರೂ ಇದ್ದರೆ ದಯವಿಟ್ಟು ಹಾಕಿ.