ಹಾಲಿನ ಬಾಟ್ಲಿಯಲ್ಲಿ ಪೆಟ್ರೋಲು

ನನ್ನ ಕಾರು 1997ರದ್ದು, ಕಾರ್ಬುರೇಟರ್ ಗಾಡಿ. ಬೆಳಿಗ್ಗೆ ಚೋಕ್ ಎಳೆದರೆ ಎರಡು ಸಲ ಕೆಮ್ಮಿ ಎದ್ದೇಳುತ್ತಿತ್ತು. ಈಗ ಎಂಟು ಸಲ ಕೆಮ್ಮಿದರೂ ಏಳಲ್ಲ. ಎದ್ದರೂ ನೂರಡಿ ರಸ್ತೆಗೆ ಬರುವಷ್ಟರಲ್ಲಿ ಬಿಕ್ಕಳಿಕೆ ಶುರು.

ಗುತ್ತಲು ರಸ್ತೆ ಕಡೆ ನಮ್ಮದೊಂದು ಅಡ್ಡೆ ಇದೆ. ಮೆಕ್ಯಾನಿಕ್ ಶೆಡ್ ಮುಂದೆ ಯಾವುದೋ ಹಳೇ ಕಾರಿನ ಹಿಂದಿನ ಸೀಟನ್ನೇ ಬೆಂಚು ಮಾಡಿ ಹಾಕಿದ್ದಾರೆ, ಸಂಜೆ ಆದರೆ ಮೇಷ್ಟ್ರು, ಗೌಡ್ರು, ನಾನು ಅಲ್ಲೇ. ಭಾನುವಾರ ಹೋಗಿ ಕೂತವನೇ ಶುರು ಮಾಡಿದೆ. "ಎಲ್ಲಾ ಪೆಟ್ರೋಲಿಗೆ ಬೆರೆಸೋ ಈ ಎಥನಾಲ್‌ದೇ ಕೆಲಸ. ನೂರಕ್ಕೆ 20 ಪಾಲು ಅದನ್ನೇ ಬೆರೆಸಿದ ಇ-20 ಪೆಟ್ರೋಲ್ ಬಂದ ಮೇಲೆ ನನ್ನ ಗಾಡಿ ಹಾಳಾಯ್ತು."

ಗೌಡ್ರು ಕಬ್ಬು ಬೆಳೆಯೋರು. ಬೀಡಿ ಕೈಲಿ ಹಿಡಿದು ನೆಟ್ಟಗೆ ಕೂತರು. "ನೋಡಪ್ಪಾ, ಪೆಟ್ರೋಲ್ ಬೈಕೋ, ಕಬ್ಬಿನ ಸುದ್ದಿಗೆ ಬರಬೇಡ. ದುಡ್ಡಿಗೆ ಅಂತ ಫ್ಯಾಕ್ಟರಿ ಬಾಗಿಲು ಕಾದೋನು ನಾನು. ಸಕ್ಕರೆ ತೆಗೆದ ಮೇಲೆ ಉಳಿಯೋ ಕಾಕಂಬಿಯಿಂದ ಎಥನಾಲ್ ಮಾಡಿ ಮಾರಿದ್ರೆ ಅವರ ಕೈಗೆ ಕಾಸು ಬರುತ್ತೆ, ಆಮೇಲೆ ನಮ್ಮ ಕೈಗೆ."

"ಬರೀ ಕಬ್ಬಲ್ಲ ಗೌಡ್ರೇ, ಮುಸುಕಿನ ಜೋಳ, ನುಚ್ಚಕ್ಕಿಯಿಂದಲೂ ಮಾಡ್ತಾರೆ" ಅಂದರು ಮೇಷ್ಟ್ರು.

"ಅಂದ್ರೆ ನನ್ನ ಕಾರು ದಿನಾ ನುಚ್ಚಕ್ಕಿ ಉಪ್ಪಿಟ್ಟು ತಿಂತಾ ಇದೆ" ಅಂದೆ. ಯಾರೂ ನಗಲಿಲ್ಲ.

ಮೇಷ್ಟ್ರಿಗೆ ಇಸವಿ ಸಿಕ್ಕರೆ ಸಾಕು, ಪಾಠ ಶುರು. 2022ರ ಜೂನ್‌ನಲ್ಲಿ ದೇಶ ನೂರಕ್ಕೆ 10 ಬೆರಕೆ ಮುಟ್ಟಿತಂತೆ, ನೂರಕ್ಕೆ 20ರ ಗುರಿ ಮೊದಲು 2030ಕ್ಕೆ ಇದ್ದದ್ದನ್ನ 2025ಕ್ಕೇ ಎಳೆದುಕೊಂಡರಂತೆ, ಇ-20 ಬಿಡುಗಡೆ ಆದದ್ದೂ 2023ರ ಫೆಬ್ರವರೀಲಿ ನಮ್ಮ ಬೆಂಗಳೂರಲ್ಲೇ ಅಂತೆ. "ಅದೇ ಏಪ್ರಿಲ್‌ನಿಂದ ಬಂದ ಹೊಸ ಗಾಡಿಗಳ ರಬ್ಬರು, ವಾಷರು ಇದನ್ನ ತಡೀತವೆ. ನಿಮ್ಮದು ಯಾವ ಕಾಲದ್ದು?"

"ಅದೇ ನನ್ನ ತಕರಾರು. ನಮ್ಮ ಬಂಕಲ್ಲಿ ಇದು ಬೇಡ, ಹಳೇದು ಕೊಡಿ ಅನ್ನೋಕೆ ಇನ್ನೊಂದು ಪೈಪೇ ಇಲ್ಲ. ಮೈಲೇಜ್ 16 ಇದ್ದದ್ದು 10ಕ್ಕೆ ಬಂತು, ರೇಟು ಮಾತ್ರ ಇಳಿದಿಲ್ಲ."

ಅಲ್ಲಿವರೆಗೂ ಸುಮ್ನೆ ಇದ್ದ ಮೆಕ್ಯಾನಿಕ್ ಕಾರಿನ ಕೆಳಗಿಂದ ತಲೆ ಹೊರಗೆ ಹಾಕಿದ. "10ಕ್ಕೆ ಹೇಗ್ ಬರುತ್ತೆ ಸಾರ್? ಎಥನಾಲ್‌ನಲ್ಲಿ ಪೆಟ್ರೋಲಿನ ಮೂರರಲ್ಲಿ ಎರಡು ಪಾಲು ಕಸುವು ಇರುತ್ತೆ. ನೂರಕ್ಕೆ 20 ಬೆರೆಸಿದ್ರೆ 6-7 ಪರ್ಸೆಂಟ್ ಕಮ್ಮಿ ಆಗ್ಬೇಕು. ಅಂದ್ರೆ 15. ಉಳಿದ 5 ಯಾರು ತಿಂದ್ರು?" ಹಾಗಂತ ಎದ್ದು ಬಂದು ನನ್ನ ಟೈರಿಗೆ ಒಂದು ಒದ್ದ. ಟೈರು ರಾಗಿಮುದ್ದೆ ಥರ ಕೂತಿತ್ತು. ಗೌಡ್ರು ಈಗ ನಕ್ಕರು.

ಆಮೇಲೆ ಪೆಟ್ರೋಲ್ ಫಿಲ್ಟರ್ ಬಿಚ್ಚಿ ಬೆಳಕಿಗೆ ಹಿಡಿದ. ಒಳಗೆ ಕಾಫಿ ಗಸಿಯಂಥ ಕಂದು ಕೊಳೆ. ಅಷ್ಟು ವರ್ಷ ಟ್ಯಾಂಕಿನ ತಳದಲ್ಲಿ ತಣ್ಣಗೆ ಮಲಗಿದ್ದ ಕೊಳೆಯನ್ನು ಎಥನಾಲ್ ತೊಳೆದು ತಂದು ಇಲ್ಲಿ ಗುಡ್ಡೆ ಹಾಕಿದೆ. ಪೈಪನ್ನು ಹೆಬ್ಬೆರಳಲ್ಲಿ ಒತ್ತಿದ, ನೆನೆದ ಕೋಡುಬಳೆ ಥರ ಮೆತ್ತಗಿತ್ತು. "ಇದು ನಿಜವಾಗಲೂ ಎಥನಾಲ್ ಪಾಪ" ಅಂತ ಒಪ್ಪಿಕೊಂಡ. ಬಿಕ್ಕಳಿಕೆಯೂ ಅದರದ್ದೇ ಅಂತೆ. ಎಥನಾಲ್‌ನಲ್ಲಿ ಆಕ್ಸಿಜನ್ ಇರುತ್ತೆ, ಕಾರ್ಬುರೇಟರಿನ ಹಳೇ ಜೆಟ್, ಅಂದ್ರೆ ಪೆಟ್ರೋಲ್ ಬಿಡೋ ಸಣ್ಣ ತೂತು, ಬಿಡೋ ಪೆಟ್ರೋಲು ಅದಕ್ಕೆ ಸಾಲದು. "ಆದ್ರೆ ಗಾಡಿ ತೆಗೆಯೋದು ಮದುವೆಗೊಂದ್ಸಲ, ತಿಥಿಗೊಂದ್ಸಲ. ಅರ್ಧ ಟ್ಯಾಂಕ್ ಖಾಲಿ ಇಟ್ಟು ಮಳೆಗಾಲ ಪೂರ್ತಿ ನಿಲ್ಲಿಸಿದ್ರೆ ಎಥನಾಲ್ ಗಾಳಿಯ ತೇವ ಎಳ್ಕೊಳ್ಳುತ್ತೆ. ನೀರು ಜಾಸ್ತಿ ಆದ್ರೆ ಅದರ ಜೊತೆ ಸೇರಿ ತಳಕ್ಕೆ ಇಳಿಯುತ್ತೆ. ಇಂಜಿನ್ನು ಮೊದಲು ಕುಡಿಯೋದು ತಳದ್ದನ್ನೇ."

"ಇದರಲ್ಲಿ ನಿಜವಾಗಲೂ 20 ಇದೆಯಾ?" ಅಂತ ಗೌಡ್ರಿಗೆ ಅನುಮಾನ ಬಂತು. ತಾನು ಬೆಳೆದದ್ದನ್ನ ಕಣ್ಣಾರೆ ನೋಡೋ ಆಸೆ ಇರಬೇಕು.

ಅಳತೆ ಗೆರೆ ಇರೋ ಬಾಟ್ಲಿ ಬೇಕು ಅಂದ ಮೆಕ್ಯಾನಿಕ್. ನನ್ನ ಚೀಲದಲ್ಲಿ ಮೊಮ್ಮಗಳಿಗೆ ತಂದಿದ್ದ ಹೊಸ ಹಾಲಿನ ಬಾಟ್ಲಿ ಇತ್ತು. ಬುದ್ಧಿ ಎಲ್ಲಿಟ್ಟಿದ್ದೆನೋ, ಕೊಟ್ಟೆ. 100 ಎಂಎಲ್ ನೀರು, ಮೇಲೆ 100 ಎಂಎಲ್ ಪೆಟ್ರೋಲು. "ಬೀಡಿ ಬಿಸಾಕ್ರೀ ಗೌಡ್ರೇ!" ಅಂತ ಮೂವರೂ ಒಟ್ಟಿಗೆ ಕಿರುಚಿದೆವು. ಅಲ್ಲಾಡಿಸಿ ಬೋನೆಟ್ ಮೇಲೆ ಇಟ್ಟು ಕಾದೆವು. ನೀರಿನ ಗೆರೆ ಮೆಲ್ಲಗೆ ಮೇಲೆ ಬಂದು 120ರ ಹತ್ತಿರ ನಿಂತಿತು. ಪೆಟ್ರೋಲಲ್ಲಿದ್ದ ಎಥನಾಲ್ ನೀರಿನ ಜೊತೆ ಓಡಿ ಹೋಗಿತ್ತು.

ಗೌಡ್ರು ಬಗ್ಗಿ, ಕಣ್ಣು ಕಿರಿದು ಮಾಡಿ ನೋಡಿದರು. "ಇದಕ್ಕೇನಾ ನಾನು ರಾತ್ರಿ ಎದ್ದು ನಾಲೆ ನೀರು ಕಟ್ಟಿದ್ದು?"

ಅಷ್ಟರಲ್ಲಿ ಮಗಳ ಫೋನು. "ಅಪ್ಪಾ, ಬಾಟ್ಲಿ ಸಿಕ್ತಾ? ಅವಳು ಅಳ್ತಾ ಇದ್ದಾಳೆ, ಬೇಗ ಬನ್ನಿ."

ಕಾರಿನ ಫಿಲ್ಟರ್, ಪೈಪು ಎರಡೂ ಮೆಕ್ಯಾನಿಕ್ ಕೈಲಿ. ಮೇಷ್ಟ್ರ ಸೈಕಲ್ ಹತ್ತಿ ಮೆಡಿಕಲ್ ಶಾಪಿಗೆ ಹೊರಟೆ. ಅದರ ಟೈರಲ್ಲೂ ಗಾಳಿ ಇರಲಿಲ್ಲ.