ತುರ್ತು: ಶಕೈಯಲ್ಲಿ ಆದದ್ದು ಶರಣಾಗತಿಯೋ, ರಾಜಿಯೋ?

ಬಲ್ಲವರಿಗೆ ನಮಸ್ಕಾರ.

ಪಾಕಿಸ್ತಾನದ ವಜೀರಿಸ್ತಾನದ ಕುರಿತ ಲೇಖನವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಸಂಜೆ ಆರಕ್ಕೆ ಪುಟ ಅಚ್ಚಿಗೆ ಹೋಗಬೇಕು, ಒಂದು ಚಿತ್ರದ ಅಡಿಬರಹದಲ್ಲಿ ಸಿಕ್ಕಿಕೊಂಡಿದ್ದೇನೆ. 2004ರ ಏಪ್ರಿಲ್, ದಕ್ಷಿಣ ವಜೀರಿಸ್ತಾನದ ಶಕೈ. ಲೆಫ್ಟಿನೆಂಟ್ ಜನರಲ್ ಸಫ್ದರ್ ಹುಸೇನ್ ಮತ್ತು ಉಗ್ರರ ನಾಯಕ ನೇಕ್ ಮುಹಮ್ಮದ್ ವಜೀರ್, ಹೂಹಾರ, ಅಪ್ಪುಗೆ. ಪಾಕ್ ಸೇನೆಗೂ ಉಗ್ರರಿಗೂ ಅಂದು ಆದ ಒಪ್ಪಂದದ ಚಿತ್ರ. ಸರ್ಕಾರದ ಕಡೆಯವರು ಇದನ್ನು ‘ಸರೆಂಡರ್’ ಎಂದರು. ನೇಕ್ ಒಪ್ಪಲಿಲ್ಲ. ನಾನು ಅವರ ಬಳಿ ಹೋಗಲಿಲ್ಲ, ಅವರೇ ನನ್ನಲ್ಲಿಗೆ ಬಂದರು, ಯಾರು ಯಾರಿಗೆ ಶರಣಾದರೆಂದು ಅದರಲ್ಲೇ ಗೊತ್ತಾಗುತ್ತದೆ ಎಂಬರ್ಥದ ಮಾತಾಡಿದ. ‘ಶರಣಾಗತಿ’ ಎಂದು ಬರೆದರೆ ನಾನೇ ತೀರ್ಪು ಕೊಟ್ಟಂತಾಗುತ್ತದೆ. ‘ಶಾಂತಿ ಒಪ್ಪಂದ’ ಎಂದರೆ ಈ ಜಗಳವೇ ಕಾಣುವುದಿಲ್ಲ. ಏನು ಬರೆಯಲಿ?

ಜೊತೆಗೆ, ‘ಫ್ಯಾಕ್ಷನ್’ ಬಂದಲ್ಲೆಲ್ಲ ‘ಬಣ’ ಸರಿಯೇ?

– ಮೈಸೂರಿನಿಂದ

*

ಒಡಂಬಡಿಕೆ. ಬೇರೆ ಹುಡುಕಬೇಡಿ.

ಒಡನ್ + ಪಡು. ಜೊತೆಯಾಗುವುದು. ಇದರಲ್ಲಿ ಮೇಲೂ ಇಲ್ಲ, ಕೆಳಗೂ ಇಲ್ಲ. ನಿಮಗೆ ಬೇಕಾದದ್ದೂ ಅದೇ. ತಮಿಳಿನ ‘ಉಡನ್‌ಪಡಿಕ್ಕೈ’ ಇದರ ಒಡಹುಟ್ಟು. ಹಳಗನ್ನಡದಿಂದ ನಡೆದು ಬಂದ ಪದ ಮನೆಯಲ್ಲೇ ಇರುವಾಗ ಅರಬ್ಬಿಯ ರಾಜಿ, ಸಂಸ್ಕೃತದ ಶರಣಾಗತಿ ಎಂದು ಕಂಡವರ ಬಾಗಿಲು ತಟ್ಟುವುದು ಯಾಕೆ?

– ಬೆಂಗಳೂರಿನಿಂದ

*

ಕುಲ ಕೇಳಿ ಪದವನ್ನು ಒಳಗೆ ಬಿಡುವ ಪದ್ಧತಿ ಈ ಬಳಗದಾಗ ಎಂದು ನಿಂತೀತು? ವಕೀಲ, ಜಮೀನು, ಜಾಮೀನು, ತಹಶೀಲ್ದಾರ, ಕರಾರು ಎಲ್ಲಾ ಹೊರಗೆ ಹಾಕ್ರಿ, ಆಮೇಲೆ ತಾಲೂಕು ಕಚೇರಿಗೆ ಹೋಗಿ ಒಂದು ಅರ್ಜಿ ಕೊಟ್ಟು ತೋರಿಸ್ರಿ.

‘ಒಡಂಬಡಿಕೆ’ ಇಲ್ಲಿ ಕೂಡೂದಿಲ್ಲ. ಓದುವವರಿಗೆ ಮೊದಲು ನೆನಪಾಗೂದು ಬೈಬಲ್ಲಿನ ಹಳೆಯ ಒಡಂಬಡಿಕೆ, ಹೊಸ ಒಡಂಬಡಿಕೆ. ಅದು ಬಿಟ್ಟರೆ ಬಂಡವಾಳ ಹೂಡಿಕೆಯ ಸಹಿ ಸಮಾರಂಭ.

ರಾಜಿ ಅಂತ ಬರೀರಿ, ತಾಯಿ. ಮೂಲದಾಗ ಅದರ ಅರ್ಥ ‘ಒಪ್ಪಿದವ’ ಅಂತ ಅಷ್ಟ. ಪಾಕಿಸ್ತಾನದಾಗ ಇವತ್ತಿಗೂ ವ್ಯಾಜ್ಯ ಬಗೆಹರಿದರೆ ಬರೆಯುವ ಪತ್ರಕ್ಕೆ ‘ರಾಜೀನಾಮಾ’ ಅಂತಾರೆ. ನಮ್ಮಲ್ಲಿ ಅದೇ ಪದ ಕೆಲಸ ಬಿಡೂದಕ್ಕೆ ಯಾಕ ಬಂತು? ಮುಂಬೈ ಪ್ರಾಂತದ ಕಾಲದ ನಮ್ಮ ಅಜ್ಜನ ಹೊಲದ ಕಾಗದ ನನ್ನ ಹತ್ತಿರ ಅದಾವ. ಮಡಿಕೆಯ ಗುಂಟ ಹರಿದಾವ, ಗುಂಡುಸೂಜಿಯ ತುಕ್ಕು ಒಂದು ಅಕ್ಷರವನ್ನು ತಿಂದದ. ಹೊಲ ಬಿಟ್ಟುಕೊಡುವವ ಬರೆದದ್ದು ರಾಜೀನಾಮೆ, ತಗೊಳ್ಳುವವ ಬರೆದದ್ದು ಕಬೂಲಾಯತಿ. ಒಪ್ಪಿ ಹಕ್ಕು ಬಿಡುವುದು, ಅಲ್ಲಿಂದ ಹುದ್ದೆ ಬಿಡುವುದು. ಅಲ್ಲಿನ ಜಿರ್ಗಾ ಅನ್ನೂ ಹಿರಿಯರ ಪಂಚಾಯಿತಿಗೂ ನಮ್ಮ ಹೊಲಕ್ಕೂ ಒಂದೇ ಪದ ಇರುವಾಗ ಅದನ್ನು ಪರಕೀಯ ಅನ್ನೂದು ಅನ್ಯಾಯ.

– ಧಾರವಾಡದಿಂದ

*

ಧಾರವಾಡದವರ ಮಾತಿಗೆ ಒಂದು ಸೇರಿಸುತ್ತೇನೆ. ವಜೀರಿಸ್ತಾನದ ಜನರಾದ ಪಶ್ತೂನರಲ್ಲಿ ‘ನನವಾತೈ’ ಎಂಬ ಕಟ್ಟಳೆಯಿದೆ. ಪದದ ಅರ್ಥ ‘ಒಳಗೆ ಹೋಗುವುದು’. ತಪ್ಪೊಪ್ಪಿ ಕ್ಷಮೆ ಕೇಳುವವನು ಎದುರಾಳಿಯ ಮನೆಗೆ ಹೋಗುತ್ತಾನೆ. ಹಾಗಾಗಿ ‘ಅವರೇ ಬಂದರು’ ಎಂಬ ನೇಕ್‌ನ ಮಾತು ಬರೀ ಜಂಬವಲ್ಲ, ಅಲ್ಲಿನ ಜನಕ್ಕೆ ಅದರ ಅರ್ಥ ನೆಟ್ಟಗೆ ತಾಕುತ್ತದೆ. ನಮ್ಮ ‘ಶರಣು ಹೋದರು’ ಎಂಬಲ್ಲಿಯೂ ‘ಹೋಗು’ ಇದೆ, ಗಮನಿಸಿ. ಯಾರು ಹೋದರು ಎಂಬುದೇ ಮುಖ್ಯ.

2025ರ ಜನವರಿಯಲ್ಲಿ ಆರು ಮಂದಿ ನಕ್ಸಲರು ಬೆಂಗಳೂರಿನಲ್ಲಿ ಮುಖ್ಯಮಂತ್ರಿಗಳ ಎದುರು ಬಂದದ್ದಕ್ಕೂ ಕೆಲವರು ‘ಶರಣಾಗತಿ’ ಎಂದರು, ಕೆಲವರು ‘ಮುಖ್ಯವಾಹಿನಿಗೆ ಬಂದರು’ ಎಂದರು. ಪದ ಆರಿಸಿದಲ್ಲೇ ಪಕ್ಷ ಗೊತ್ತಾಗುತ್ತಿತ್ತು.

‘ಬಣ’ ಎಲ್ಲ ಕಡೆ ಸಲ್ಲದು. ಒಂದಾಗಿದ್ದದ್ದು ಒಡೆದರೆ ಬಣ. ಪಾಕಿಸ್ತಾನಿ ತಾಲಿಬಾನ್ ನಾಯಕ ಬೈತುಲ್ಲಾ ಮೆಹ್ಸೂದ್ ವಿರುದ್ಧ ತಿರುಗಿಬಿದ್ದು 2009ರ ಜೂನ್‌ನಲ್ಲಿ ಕೊಲೆಯಾದ ಕಾರಿ ಜೈನುದ್ದೀನ್ ಕೂಡ ಅದೇ ಮೆಹ್ಸೂದ್ ಬುಡಕಟ್ಟಿನವನೇ. ಅದಕ್ಕೆ ಬಣ ಎನ್ನಿ. 2007ರಲ್ಲಿ ದಕ್ಷಿಣ ವಜೀರಿಸ್ತಾನದ ವಾನಾ ಪಟ್ಟಣದ ಸುತ್ತ ಸ್ಥಳೀಯ ಉಗ್ರ ನಾಯಕ ಮೌಲ್ವಿ ನಜೀರ್ ಕಡೆಯವರು ತಾಹಿರ್ ಯುಲ್ದಾಶೆವ್‌ನ ಉಜ್ಬೆಕ್ ಹೋರಾಟಗಾರರನ್ನು ಹೊಡೆದೋಡಿಸಿದ್ದು ಬಣ ಜಗಳವಲ್ಲ. ಆಶ್ರಯ ಕೊಟ್ಟ ನೆಲದವರಿಗೂ ಬಂದು ನೆಲೆಸಿದವರಿಗೂ ಆದ ಕಾಳಗ ಅದು, ಸರ್ಕಾರದ ಬೆಂಬಲ ನಜೀರ್‌ಗಿತ್ತು. ಇನ್ನು ವಜೀರ್, ಮೆಹ್ಸೂದ್ ಬುಡಕಟ್ಟುಗಳು. ಅವನ್ನು ಬಣ ಎಂದರೆ ಪೂರಾ ತಪ್ಪು. ‘ಲಷ್ಕರ್’ ಬಂದರೆ ಹಾಗೇ ಬಿಡಬೇಡಿ: ನಮ್ಮಲ್ಲಿ ಅದು ಸರ್ಕಾರದ ಸೇನೆ, ಅಲ್ಲಿ ಬುಡಕಟ್ಟಿನವರೇ ಕೂಡಿಸಿದ ದಂಡು.

– ಶಿವಮೊಗ್ಗದಿಂದ

*

‘ಪರಕೀಯ’ ಎಂದು ನಾನು ಬರೆದಿಲ್ಲ. ‘ಬೇಡ’ ಎಂದೆ. ತಾಲೂಕು ಕಚೇರಿಯ ಪದಗಳು ಆಳಿದವರು ಹೇರಿದವು, ನಾವು ಆರಿಸಿಕೊಂಡವಲ್ಲ. ಪ್ರತಿ ಸಲ ‘ಬಳಕೆಯಲ್ಲಿದೆ’ ಎಂದು ಒಪ್ಪುತ್ತಾ ಹೋದರೆ ಒಡಂಬಡು, ಮಣಿ, ಸೋಲೊಪ್ಪು ಎಲ್ಲ ನಿಘಂಟಿನಲ್ಲೇ ಸಾಯುತ್ತವೆ. ನನ್ನ ಸಂಕಟ ಅದು.

– ಬೆಂಗಳೂರಿನಿಂದ

*

ಪುಟ ಹೋಯಿತು. ಅಡಿಬರಹ ಹೀಗಿದೆ: “ಶಕೈ ರಾಜಿ, ಏಪ್ರಿಲ್ 2004. ಸರ್ಕಾರ ಇದನ್ನು ಶರಣಾಗತಿ ಎಂದಿತು. ನೇಕ್ ಮುಹಮ್ಮದ್ ಒಪ್ಪಲಿಲ್ಲ.”

ಬೆಂಗಳೂರಿನವರ ‘ಸೋಲೊಪ್ಪು’ ಲೇಖನದ ಒಳಗೆ ಒಂದು ಕಡೆ ಕೂತಿದೆ, ಚೆನ್ನಾಗಿ ಕೂತಿದೆ. ಇನ್ನೊಂದು ತೊಡಕು ಉಳಿದಿದೆ. ಆ ರಾಜಿ ಮುರಿದದ್ದು ವಿದೇಶಿ ಹೋರಾಟಗಾರರ ‘ರಿಜಿಸ್ಟ್ರೇಷನ್’ ಮೇಲೆ. ಸರ್ಕಾರ ಅವರನ್ನು ಲೆಕ್ಕಕ್ಕೆ ತರಬೇಕೆಂದಿತು, ನೇಕ್ ಕಡೆಯವರು ಹಾಗೆ ಒಪ್ಪಿಯೇ ಇಲ್ಲ ಎಂದರು. ಜೂನ್‌ನಲ್ಲಿ ಆತ ಕ್ಷಿಪಣಿ ದಾಳಿಗೆ ಸತ್ತ. ‘ನೋಂದಣಿ’ ಎಂದರೆ ಮದುವೆ, ನಿವೇಶನದ ಕಚೇರಿ ನೆನಪಾಗುತ್ತದೆ. ನಾಳೆ ಮಧ್ಯಾಹ್ನದೊಳಗೆ ತಿಳಿಸಿದರೆ ಎರಡನೇ ಕಂತಿನಲ್ಲಿ ತಿದ್ದಬಹುದು.

– ಮೈಸೂರಿನಿಂದ